ಬಿಕ್ಕಳಿಕೆ ನುಂಗಿದ ‘ಅಲ್ಲ’

ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಅವಳದು. ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಕೊಂಬು, ಒಂದೇ ಒಂದು ಒತ್ತಕ್ಷರ ಅವಳ ಕಣ್ಣು ತಪ್ಪಿಸಿ ಅಚ್ಚಾಗಿರಲಿಲ್ಲ. ಅಲ್ಲಿನವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ‘ಕೆಂಪು ಪೆನ್ನು’ ಎಂದು. ತೊಂದರೆಯೆಂದರೆ, ಕಾಗದ ಮುಗಿದರೂ ಆ ಕಣ್ಣು ಸುಮ್ಮನಿರುತ್ತಿರಲಿಲ್ಲ. ಚರ್ಚಿಗೆ ಯಾರು ತಡವಾಗಿ ಬಂದರು, ಪ್ರಾರ್ಥನೆಯಲ್ಲಿ ಯಾರು ತೂಕಡಿಸಿದರು, ಎಲ್ಲಕ್ಕೂ ಮನಸ್ಸಿನಲ್ಲೇ ಒಂದು ಗೀಟು.

ನಾದಿನಿಯ ಹೆಸರಿಗಂತೂ ಅಡ್ಡಗೀಟನ್ನೇ ಎಳೆದಿದ್ದಳು. ನಾದಿನಿ ಆಸ್ಪತ್ರೆಯೊಂದರಲ್ಲಿ ಔಷಧಿ ಕದ್ದು ಮಾರಿ ಸಿಕ್ಕಿಬಿದ್ದು ಎರಡು ವರ್ಷ ಜೈಲಿನಲ್ಲಿದ್ದವಳು. ಬಿಡುಗಡೆಯಾದ ಮೇಲೆ ಪ್ರತಿ ಭಾನುವಾರ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಂಟು ಜನ ಹಿಡಿಸುವ ಬೆಂಚು, ಕೂರುವವಳು ಅವಳೊಬ್ಬಳೇ.

“ನಿಮ್ಮ ತಂಗಿ ಈ ಹೊಸ್ತಿಲು ತುಳಿದ ದಿನ ನಾನಿಲ್ಲಿ ಇರಲ್ಲ,” ಎಂದು ಕೆಂಪು ಪೆನ್ನು ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದಳು. ಬಸ್ ಡ್ರೈವರ್ ಆಗಿದ್ದ ಆ ಮೆತ್ತನೆಯ ಮನುಷ್ಯ “ಹೂಂ” ಎಂದಿದ್ದ.

ಆ ಭಾನುವಾರ ಚರ್ಚಿನಲ್ಲಿ ಬೈಬಲ್ ವಾಚನದ ಸರದಿ ಕೆಂಪು ಪೆನ್ನಿನದು. ಪ್ರಾರ್ಥನೆಗೆ ಹೋದ ಇಬ್ಬರ ಕಥೆ: ಒಬ್ಬ ತನ್ನ ಒಳ್ಳೆಯತನದ ವರದಿಯನ್ನು ದೇವರಿಗೇ ಒಪ್ಪಿಸುವವನು, ಇನ್ನೊಬ್ಬ ಎಲ್ಲರಿಂದ ಛೀ ಅನ್ನಿಸಿಕೊಂಡ ಸುಂಕದವನು. ಕನ್ನಡಿಯ ಮುಂದೆ ನಿಂತು ಓದಿ ಓದಿ ಹೊತ್ತಾಗಿಹೋಗಿ, ಒಣ ಬ್ರೆಡ್ಡು ಗಬಗಬ ನುಂಗಿ ಓಡಿಬಂದಿದ್ದಳು. ಮೈಕಿನ ಮುಂದೆ ಕತ್ತು ನೆಟ್ಟಗೆ ಮಾಡಿ ಶುರುಮಾಡಿದಳು.

“ದೇವರೇ, ನಿನಗೆ ವಂದನೆ. ನಾನು ಈ ಕಳ್ಳರ ಹಾಗೆ... ಹಿಕ್!”

ಬರಬೇಕಿದ್ದ ‘ಅಲ್ಲ’ ಗಂಟಲಿನಲ್ಲೇ ಉಳಿಯಿತು. ಮತ್ತೆ ಉಸಿರೆಳೆದಳು.

“ನಾನು ಈ ಮೋಸಗಾರರ ಹಾಗೆ... ಹಿಕ್!”

ಹಾಡುವವರ ಸಾಲಿನಲ್ಲಿ ಭುಜಗಳು ಕುಣಿಯತೊಡಗಿದವು. ಕೊನೆಯ ತುಂಡನ್ನಾದರೂ ಹೇಳಿ ಮುಗಿಸೋಣವೆಂದು ಹೊರಟಳು.

“ನಾನು ಹಾಗೆ... ಹಿಕ್!”

ಮುಂದಿನ ಬೆಂಚಿನ ಅರೆಗಿವುಡಿ ಅಜ್ಜಿ, ತನಗೆ ಪಿಸುಮಾತು ಎನಿಸಿದ ದನಿಯಲ್ಲಿ, “ಪಾಪ, ಒಪ್ಪಿಕೊಂಡಳಲ್ಲ!” ಎಂದುಬಿಟ್ಟಳು.

ಚರ್ಚಿಗೆ ಚರ್ಚೇ ಗೊಳ್ಳೆಂದಿತು. ಪಾದ್ರಿಗಳು ಹಾಡಿನ ಪುಸ್ತಕದ ಹಿಂದೆ ಮುಖ ಬಚ್ಚಿಟ್ಟರು, ಪುಸ್ತಕವೇ ಗಡಗಡ ನಡುಗತೊಡಗಿತು.

ಅಷ್ಟರಲ್ಲಿ ಕೊನೆಯ ಬೆಂಚಿನಿಂದ ನಾದಿನಿ ನೀರಿನ ಬಾಟಲಿ ಹಿಡಿದು ಬಿರಬಿರನೆ ಬಂದಳು. “ಅತ್ತಿಗೆ, ಬಗ್ಗಿ. ಮೂಗು ಹಿಡ್ಕೊಳ್ಳಿ. ಏಳು ಗುಟುಕು. ಒಳಗೆ ನಾವೆಲ್ಲ ಹೀಗೇ ಮಾಡ್ತಿದ್ದದ್ದು.”

“ಒಳಗೆ ಅಂದ್ರೆ? ಹಿಕ್!”

“ಜೈಲಲ್ಲಿ ಅತ್ತಿಗೆ.”

ಮೈಕು ಇದನ್ನೂ ಮೂಲೆಮೂಲೆಗೆ ಮುಟ್ಟಿಸಿತು. ಅತ್ತಿಗೆ ಬಗ್ಗಿದಳು. ಐದನೆಯ ಗುಟುಕಿಗೆ ಮತ್ತೊಂದು ಬಿಕ್ಕಳಿಕೆ ಎದ್ದು, ನೀರೆಲ್ಲ ನಾದಿನಿಯ ಮುಖಕ್ಕೆ ಚಿಮ್ಮಿತು. ನಾದಿನಿ ಸೆರಗಿನಿಂದ ಒರೆಸಿಕೊಂಡು, “ಯಾರೋ ನಿಮ್ಮನ್ನ ಜೋರಾಗಿ ನೆನೆಸ್ಕೊಳ್ತಿದ್ದಾರೆ,” ಎಂದಳು.

“ಯಾರೇ?”

“ನೀವೀಗ ಯಾರಿಗೆ ವರದಿ ಒಪ್ಪಿಸ್ತಿದ್ರೋ, ಅವನೇ ಇರ್ಬೇಕು!”

ಕೆಂಪು ಪೆನ್ನಿಗೆ ನಗು ಹೇಗೆ ಬಂತೋ, ಹೊಟ್ಟೆ ಹಿಡಿದುಕೊಂಡು ವೇದಿಕೆಯ ಮೆಟ್ಟಿಲ ಮೇಲೆ ಕುಸಿದಳು. ನಗುನಗುತ್ತಲೇ ಕಣ್ಣು ತುಂಬಿತು. ಮೂರು ಸಲವೂ ತನ್ನ ಬಾಯಿಂದ ನಿಜವೇ ಹೊರಬಂದಿತ್ತು, ಬಿಕ್ಕಳಿಕೆ ತಡೆದದ್ದು ಸುಳ್ಳನ್ನು ಮಾತ್ರ. ಇಷ್ಟು ಜನರಲ್ಲಿ ನೀರು ತಂದವಳು, ಯಾರು ತನ್ನ ಹೊಸ್ತಿಲು ತುಳಿಯಬಾರದು ಎಂದಿದ್ದಳೋ ಅವಳೇ.

“ಉಳಿದದ್ದು ನೀನೇ ಓದು,” ಎಂದಳು.

ನಾದಿನಿ ಸುಂಕದವನ ಮಾತಿಗೆ ಬಂದಳು. ದೇವರೇ, ನಾನು ಪಾಪಿ, ಕರುಣೆ ತೋರು ಎಂಬಷ್ಟೇ ಪುಟ್ಟ ಸಾಲು. ಅದರಲ್ಲೂ ಎರಡು ಕಡೆ ಎಡವಿದಳು. ಅತ್ತಿಗೆ ತಿದ್ದಲಿಲ್ಲ, ಜೊತೆಗೆ ತುಟಿಯಾಡಿಸಿದಳು.

ಆಮೇಲೆ ಇಬ್ಬರೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತರು. ಹಿಂದೆಯೇ ಅಜ್ಜಿಯೂ ಕೋಲೂರುತ್ತ ಬಂದು, “ಸ್ವಲ್ಪ ಆಚೆ ಸರೀರಿ, ಇಲ್ಲೇ ಮಜಾ ಇರೋದು,” ಎಂದು ನಡುವೆ ತೂರಿಕೊಂಡಳು.

ಮಧ್ಯಾಹ್ನ ಬಾಗಿಲು ತೆರೆದ ಡ್ರೈವರಿಗೆ ಎದುರಿಗೆ ಕಂಡದ್ದು ಕೈ ಕೈ ಹಿಡಿದು ನಗುತ್ತ ನಿಂತ ಹೆಂಡತಿ, ತಂಗಿ. “ಹೂಂ?” ಎಂದು ಅವನು ಬಾಗಿಲಿಗೆ ಅಡ್ಡಲಾಗಿ ನಿಂತೇಬಿಟ್ಟ.

“ಏನ್ರೀ ಹಾಗೆ ನಿಂತ್ರಿ? ದಾರಿ ಬಿಡಿ,” ಎಂದಳು ಹೆಂಡತಿ. “ಇವಳಿಗೆ ಹಸಿವಾಗಿದೆ.”