ಬೆಲೆ ಹೇಳಲಾರದ ಕಂಪನಿ

ನಮ್ಮ ಅಡುಗೆಮನೆಯಲ್ಲಿ ಸದ್ಯಕ್ಕೆ ಕಾಲಿಡಲು ಜಾಗವಿಲ್ಲ. ಒಂದು ಮೂಲೆಯಲ್ಲಿ ಅವರೆಕಾಯಿಯ ಚೀಲ, ಇನ್ನೊಂದರಲ್ಲಿ ತೆಂಗಿನಕಾಯಿ, ಸಿಂಕಿನ ಕೆಳಗೆ ಬಾಳೆಗೊನೆ, ಹಿತ್ತಲಲ್ಲಿ ಕಾಲಿಗೆ ಹಗ್ಗ ಕಟ್ಟಿದ ನಾಟಿಕೋಳಿ. ಅವರೆಕಾಯಿ ಸುಲಿದು ಸುಲಿದು ನನ್ನ ಉಗುರುಸಂದು ಕಪ್ಪಾಗಿದೆ. ನಮಗೆ ಜಮೀನಿದೆಯೆಂದು ತಿಳಿಯಬೇಡಿ ಸ್ವಾಮಿ. ಇದು ನನ್ನ ಯಜಮಾನರು ಹಾರೋಹಳ್ಳಿಯಲ್ಲಿ ಶೆಡ್ಡು ಹಿಡಿದು ನಡೆಸುತ್ತಿರುವ ಕಂಪನಿಯ ಮೊನ್ನೆಯವರೆಗಿನ ಒಟ್ಟು ಆದಾಯ.

ಕಂಪನಿ ತಯಾರಿಸುವುದು ರೇಷ್ಮೆ ಹುಳುಮನೆಯ ಶಾಖ, ತೇವಗಳನ್ನು ತಾನೇ ಅಳೆದು, ಬೇಕಾದಾಗ ಮಂಜಿನಂತೆ ನೀರು ಸಿಂಪಡಿಸುವ ಯಂತ್ರ. ಯಂತ್ರ ಒಳ್ಳೆಯದು, ಅದೇ ನನ್ನ ಹೊಟ್ಟೆಯುರಿ. ಕೆಟ್ಟದಾಗಿದ್ದರೆ ಎಂದೋ ಬೀಗ ಜಡಿದು ನೆಮ್ಮದಿಯಾಗಿರಬಹುದಿತ್ತು. ಅಕ್ಕೂರಿನ ಕಡೆಯ ರೈತರು "ಒಂದ್ ಬೆಳೆ ನೋಡ್ತೀವಿ ಕಣಣ್ಣ" ಎಂದು ಒಯ್ಯುತ್ತಾರೆ, ಹುಳು ಚೆನ್ನಾಗಿ ಗೂಡು ಕಟ್ಟುತ್ತದೆ, ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ದರ ಸಿಗುತ್ತದೆ, ಮರುದಿನ ನಮ್ಮ ಮನೆ ಬಾಗಿಲಿಗೆ ಚೀಲ ಬರುತ್ತದೆ. ನಮ್ಮ ಸೀಮೆಯಲ್ಲಿ ಉಪಕಾರ ಪಡೆದವರು ಬರಿಗೈಯಲ್ಲಿ ಬರುವ ಪದ್ಧತಿಯಿಲ್ಲ. ಯಂತ್ರವನ್ನು ಉಪಕಾರದಂತೆ ಕೊಟ್ಟರೆ ಅವರಾದರೂ ಏನು ಮಾಡಿಯಾರು? ದುಡ್ಡು ಕೇಳಿ ಎಂದರೆ ಇವರು ಹೆಗಲ ಮೇಲೆ ಹಲ್ಲಿ ಬಿದ್ದವರಂತೆ ಬೆಚ್ಚುತ್ತಾರೆ: "ನಮ್ಮೋರತ್ರ ದುಡ್ಡು ಕೇಳೋದಾ?" ಮಾಗಡಿಯಿಂದ ಕನಕಪುರದವರೆಗೆ ನಮ್ಮೋರಲ್ಲದವರು ಒಬ್ಬರಾದರೂ ಇವರಿಗೆ ಸಿಕ್ಕಿದ್ದರೆ ಕಂಪನಿ ಉದ್ಧಾರವಾಗುತ್ತಿತ್ತು.

ನಮ್ಮವರ ಬಳಿ ಕೇಳಲು ನಾಚುವ ಈ ಮನುಷ್ಯ, ಮುಖಪರಿಚಯವಿಲ್ಲದ ಬೆಂಗಳೂರಿನ ಹೂಡಿಕೆದಾರರ ಮುಂದೆ ಮಾತ್ರ ಕೋಟಿಗಳ ಮಾತಾಡುತ್ತಾರೆ. ಇದೆಂಥ ಸಂಕೋಚವೋ ನನಗಂತೂ ಅರ್ಥವಾಗಿಲ್ಲ. ಆ ಹೂಡಿಕೆದಾರರಲ್ಲೊಬ್ಬ ಶೆಡ್ಡಿಗೆ ಬಂದು "ರನ್‌ವೇ ಎಷ್ಟು ತಿಂಗಳಿದೆ?" ಎಂದು ಕೇಳಿದ, ಕೈಯಲ್ಲಿರುವ ಹಣ ಎಲ್ಲಿಯವರೆಗೆ ಸಾಲುತ್ತದೆ ಎಂದು ಅದರರ್ಥವಂತೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನ್ನ ಸಂಬಳವೇ ಆ ರನ್‌ವೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೊರಡುವಾಗ ಆತ ಕಡ್ಡಿ ತುಂಡು ಮಾಡಿದಂತೆ ಹೇಳಿದ: ಒಬ್ಬ ರೈತನಾದರೂ ಪೂರ್ತಿ ಬೆಲೆ ಕೊಟ್ಟು ಕೊಂಡ ಬಿಲ್ಲು ತೋರಿಸಿ, ಆಮೇಲೆ ಹಣದ ಮಾತು. ತಿಂಗಳ ಕೊನೆಗೆ ಶೆಡ್ಡಿನ ಕರಾರು ಮುಗಿಯುತ್ತದೆ. ಬಿಲ್ಲಿಲ್ಲದಿದ್ದರೆ ಕಂಪನಿಗೆ ಬೀಗ.

ಹಾಗಾಗಿ ಮೊನ್ನೆ ಭಾನುವಾರ ಇವರನ್ನು ಹೊರಡಿಸಿಕೊಂಡು ಅಕ್ಕೂರಿಗೆ ಹೋದೆ. ಅಲ್ಲಿರುವ ಜಯಮ್ಮ ಇವರ ಚಿಕ್ಕಮ್ಮ; ನಮ್ಮ ಯಂತ್ರ ಅವರ ಹುಳುಮನೆಯಲ್ಲಿ ಮೂರನೆಯ ಬೆಳೆಗೆ ದುಡಿಯುತ್ತಿತ್ತು. ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋದೆವು. ಇವರು ಬಂದ ಕೆಲಸ ಬಿಟ್ಟು ಯಂತ್ರದ ಮೇಲಿನ ಧೂಳು ಒರೆಸತೊಡಗಿದರು. ಕೊನೆಗೆ ನಾನೇ ಬಾಯಿ ಬಿಟ್ಟೆ: "ಅತ್ತೆ, ಕಂಪನಿ ಮುಚ್ಚೋ ಹಂಗಾಗೈತೆ. ಈ ಮಿಷಿನ್ ನೀವು ಕೊಂಡ್ಕೊಳ್ಳಿ."

ಜಯಮ್ಮ ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. "ಅದ್ಕೆ ಮುಖ ಇಷ್ಟ್ ಸಣ್ಣ ಮಾಡ್ಕೊಂಡ್ ಬರ್ಬೇಕಾ? ಬೆಲೆ ಎಷ್ಟಪ್ಪ ಸಿದ್ರಾಜ?" ಎಂದು ಇವರನ್ನೇ ಕೇಳಿದರು.

ಹೂಡಿಕೆದಾರರಿಗೆ ತೋರಿಸುವ ಬಣ್ಣಬಣ್ಣದ ಪಟಗಳಲ್ಲಿ ದಪ್ಪಕ್ಷರದಲ್ಲಿ ಮೆರೆಯುವ ಆ ಬೆಲೆ ಚಿಕ್ಕಮ್ಮನ ಎದುರು ಇವರ ಗಂಟಲಿನಿಂದ ಹೊರಡಲೇ ಇಲ್ಲ. "ನಿಮ್ಗೆ ತೋಚಿದಷ್ಟು ಕೊಡಿ ಚಿಕ್ಕಮ್ಮ" ಎಂದುಬಿಟ್ಟರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಜಯಮ್ಮನಿಗೆ ನಿಜಕ್ಕೂ ಸಿಟ್ಟು ಬಂತು. "ನಿನ್ ಸೆಡ್ಡಿಗೆ ಬೀಗ ಬಿದ್ಮೇಲೆ ಈ ಮಿಸಿನ್ ಕೆಟ್ರೆ ನಾನ್ಯಾರ ಬಾಗ್ಲಿಗೋಗ್ಲಿ? ತೆಂಗಿನ್‌ಕಾಯಿ ಕೊಟ್ಟು ರಿಪೇರಿ ಮಾಡ್ಸ್ಲಾ? ನೀನಿರ್ಬೇಕು ಕಣಪ್ಪ. ಬೆಲೆ ಹೇಳು, ಇಲ್ದಿದ್ರೆ ಎತ್ಕೊಂಡೋಗು."

ಕಂಪನಿ ಉಳಿಯಬೇಕೆಂಬುದು ಬರೀ ನಮ್ಮ ಮನೆಯ ಹಟ ಎಂದುಕೊಂಡು ಇಷ್ಟು ದಿನ ಗೊಣಗಿದ್ದೆ. ಇನ್ನೊಬ್ಬರಿಗೂ ಅದು ಬೇಕಾಗಿರಬಹುದೆಂದು ಹೊಳೆದಿರಲೇ ಇಲ್ಲ. ಇವರು ನೆಲ ನೋಡುತ್ತಾ ಬೆಲೆ ಹೇಳಿದರು, ಸರಿಯಾದ ಬೆಲೆಯನ್ನೇ. "ಆಯ್ತು, ಬಿಲ್ ಬರಿ" ಎಂದರು ಜಯಮ್ಮ. ನಾನು ಬಿಲ್ ಪುಸ್ತಕದ ಮೊದಲ ಹಾಳೆಯಲ್ಲಿ ಅವರ ಹೆಸರು ಬರೆಯುತ್ತಿದ್ದಂತೆ ಇವರು ಗಂಟಲು ಸರಿಮಾಡಿಕೊಂಡು, "ಆದ್ರೂ ಚಿಕ್ಕಮ್ಮ, ನಿಮ್ಗಾದ್ರೆ ಅರ್ಧ..." ಎಂದು ಶುರುಮಾಡಿದರು.

ಬರೆಯುವುದನ್ನು ನಿಲ್ಲಿಸದೆಯೇ ಇವರ ಕಾಲನ್ನು ಬಲವಾಗಿ ತುಳಿದೆ.