ಕನ್ನಡಿ ಹಿಡಿದು ಆರಿಸಿದ ಸಮುದ್ರ

ಮಸ್ಕತ್ತಿನಲ್ಲಿ ಮದುವೆ ಹೆಣ್ಣುಗಳಿಗೆ ಸೀರೆ ಉಡಿಸುವುದು ನನ್ನ ಕೆಲಸ. ಒಮ್ಮೆ ನೀರಿನೊಳಗೆ ಹಾಡು ಚಿತ್ರೀಕರಿಸಲು ಬಂದ ಸಿನಿಮಾದವರು ನಾಯಕಿಗೆ ರೇಷ್ಮೆ ಸೀರೆ ಉಡಿಸಲು ಕರೆದರು. ಅನುಮತಿ ಇದ್ದದ್ದು ಅದೊಂದೇ ದಿನ. ದಡದ ಹತ್ತಿರ ತಿಳಿನೀರಿನ ಜಾಗ ಇನ್ನೂ ಸಿಕ್ಕಿರಲಿಲ್ಲ.

ಕ್ಯಾಮೆರಾದವನು ಚಳ್ಳಕೆರೆಯವನು. ನಾನು ಮೊಳಕಾಲ್ಮೂರಿನವಳೆಂದು ತಿಳಿದದ್ದೇ ಜಾಗ ನೋಡಲು ನನ್ನನ್ನೂ ಕರೆದೊಯ್ದ. ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿದ್ದರೂ ಸಮುದ್ರವನ್ನು ನಾನು ನೋಡಿದ್ದು ರಸ್ತೆಯಿಂದಲೇ. ಬೆಳಗ್ಗೆ ಏಳಕ್ಕೆ ಬಂಡೆಯ ಮೇಲೆ ನಿಂತು, ನಮ್ಮೂರಲ್ಲಿ ಬಾವಿಗೆ ಬಿದ್ದ ಕೊಡ ಹುಡುಕುವಾಗ ಮಾಡುತ್ತಿದ್ದಂತೆ, ಮೇಕಪ್ ಕನ್ನಡಿಯಿಂದ ನೀರಿನೊಳಕ್ಕೆ ಬಿಸಿಲು ಬಿಟ್ಟೆ. ಎದೆಮಟ್ಟದ ನೀರಿನಲ್ಲಿ ತಳದ ಮರಳು ಕಂಡಿತು.

"ಇದೇ ಆಗ್ಲಿ ಬಿಡವ್ವ, ನಮ್ಮ ಬಾವಿ ಇದ್ದಂಗೈತೆ," ಎಂದ.

ಸೀರೆ, ಮೇಕಪ್ಪು ಮುಗಿಯುವಾಗ ಮಧ್ಯಾಹ್ನ. ನಾಯಕಿಯನ್ನು ಕರೆತಂದು ನೋಡಿದರೆ ಅಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ.

"ಯಾಕವ್ವ, ಬತ್ತಿಹೋತಾ?"

"ಬೇಸಿಗೇಲಿ ಬಾವಿ ನೀರು ಇಳಿಯೋದು ನೋಡೀನಪ್ಪ. ಊಟದ ಹೊತ್ತಿಗೆ ಇಳಿಯೋದು ನೋಡಿಲ್ಲ."

ಅಲ್ಲೇ ಬಲೆ ಸರಿಮಾಡುತ್ತಿದ್ದ ಮುದುಕ ಮೀನುಗಾರ, ಸಂಜೆಗೆ ನೀರು ಬರುತ್ತದೆಂದು ಹಿಂದಿಯಲ್ಲಿ ಹೇಳಿದ. ನಾವಿಬ್ಬರೂ ನಂಬಲಿಲ್ಲ. ಬೇರೆ ಜಾಗ ಹುಡುಕಲು ಹೊತ್ತಿರಲಿಲ್ಲವಾದ್ದರಿಂದ ಕಾದು ಕೂತೆವು. ಐದಕ್ಕೆ ನೀರು ಸೊಂಟ ದಾಟಿತ್ತು. ಬೆಳಕು ಹೋಗುವ ಮೊದಲು ಹಾಡು ಮುಗಿಯಿತು.

ಮೊಳಕಾಲ್ಮೂರಿನಲ್ಲಿರುವ ತಂಗಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ನಾಯಕಿ ನೀರೊಳಗೆ ಕಣ್ಣು ಬಿಟ್ಟುಕೊಂಡೇ ನಕ್ಕಳೆಂದರೆ ನಂಬಿದಳು. ಹೋದ ನೀರು ತಾನಾಗೇ ವಾಪಸು ಬಂತು ಎಂದದ್ದಕ್ಕೆ ಮಾತ್ರ, "ವಯಸ್ಸಾತು ಕಣಕ್ಕ ನಿಂಗೆ," ಎಂದಳು.