ಏಪ್ರನ್ನಿನ ಒಳಮಗ್ಗುಲು

ಹೊಲಿಗೆ ಶೆಡ್ಡಿನಲ್ಲಿ ದೊಡ್ಡಕ್ಕನ ಬಾಯಿ ಎಂದರೆ ಎಲ್ಲರಿಗೂ ನಡುಕ. ಮೂವತ್ತು ಹೆಂಗಸರ ಮೇಲ್ವಿಚಾರಕಿ ಆಕೆ. ಬೈಯಲು ನಿಂತರೆ ಮಿಷನ್ನುಗಳ ಸದ್ದೂ ಕೇಳುತ್ತಿರಲಿಲ್ಲ. ಆದರೆ ಆಕೆಯ ಬಿಳಿ ಏಪ್ರನ್ನಿನ ಒಳಮಗ್ಗುಲಲ್ಲಿ ಬಣ್ಣಬಣ್ಣದ ಹೊಲಿಗೆಗಳಿದ್ದವು. ಯಾವ ಬಣ್ಣ ಯಾರದೆಂದು ಆಕೆಗೊಬ್ಬಳಿಗೇ ಗೊತ್ತು. ಹೊಸಬಳು ಕೆಡಿಸಿದ ಕಾಲರನ್ನು ಯಾರಾದರೂ ಸದ್ದಿಲ್ಲದೆ ಬಿಚ್ಚಿ ಹೊಲಿದುಕೊಟ್ಟರೆ, ಹಾಗೆ ನೆರವಾದವಳ ಬಣ್ಣದಲ್ಲಿ ಒಂದು ಹೊಲಿಗೆ. ಹತ್ತಾದರೆ, "ಏ, ಈ ವಾರ ಕಿಟಕಿ ಪಕ್ಕ ಕೂತ್ಕೋ, ಯಾಕೆ ಅಂತ ಕೇಳ್ಬೇಡ" ಎಂದು ಗದರಿ, ಆ ದಾರವನ್ನು ಕಿತ್ತೆಸೆಯುವಳು. ಶೆಡ್ಡಿನಲ್ಲಿ ಗಾಳಿ ಬರುತ್ತಿದ್ದ ಜಾಗ ಅದೊಂದೇ.

ಹೇಗೋ ಸುಳಿವು ಸಿಕ್ಕಿ ಮಾಲೀಕರು ಉಬ್ಬಿಹೋದರು. "ಯಾರು ಯಾರಿಗೆ ಏನು ಸಹಾಯ ಮಾಡಿದ್ರು ಅಂತ ಗೋಡೆ ಮೇಲೆ ಬೋರ್ಡ್ ಹಾಕಿಸೋಣಮ್ಮ."

"ಬೇಡ ಸಾರ್. ಕಾಲರ್ ಸರಿ ಮಾಡಿದವಳ ಹೆಸರು ಬರೆದ್ರೆ, ಕೆಡಿಸಿದವಳ ಮಾನ ಹೋಗುತ್ತೆ."

ಮಾಲೀಕರು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಕೆಲಸ ಬಿಡುವ ದಿನ, ಏಪ್ರನ್ ಒಪ್ಪಿಸುವ ಮೊದಲು ದೊಡ್ಡಕ್ಕ ಉಳಿದ ದಾರಗಳನ್ನೆಲ್ಲ ಕೀಳಲು ಕುಳಿತಳು. ಮೂಲೆಯಲ್ಲಿ ಬೆರಳಿಗೆ ಏನೋ ತಡೆಯಿತು. ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಹತ್ತು ಹೊಲಿಗೆ. ತಾನು ಹಾಕಿದ್ದಲ್ಲ. ಊಟದ ಹೊತ್ತಿನಲ್ಲಿ ಏಪ್ರನ್ ಮೊಳೆಯಲ್ಲಿ ನೇತಾಡುತ್ತಿದ್ದದ್ದು ಆಗ ನೆನಪಾಯಿತು.

"ಯಾರೇ ಇದು?" ಎಂದು ಗುಡುಗಲು ತಲೆಯೆತ್ತಿದಳು. ಎಲ್ಲರೂ ಮಿಷನ್ನಿನ ಮೇಲೆ ಬಗ್ಗಿ ಕೆಲಸದಲ್ಲಿದ್ದರು. ಕಿಟಕಿ ಪಕ್ಕದ ಕುರ್ಚಿಯನ್ನು ಮಾತ್ರ ಖಾಲಿ ಬಿಟ್ಟಿದ್ದರು.